ಸತ್ಯಾಂಶ: ಯೋಧರಿಗೂ ಮತದ ಹಕ್ಕಿದೆ

"ಸೇನೆ ರಾಜಕೀಯದಿಂದ ದೂರ, ಹಾಗಾಗಿ ಯೋಧರು ಮತ ಹಾಕುವಂತಿಲ್ಲ" ಎಂದು ಹರಿದಾಡುತ್ತಿರುವ ವಾಟ್ಸ್‌ಆ್ಯಪ್ ಸಂದೇಶ ತಪ್ಪು. 1954ರ ಸೇನಾ ನಿಯಮಗಳು ತಡೆಯುವುದು ಪಕ್ಷದ ಸದಸ್ಯತ್ವ, ದೇಣಿಗೆ, ರಾಜಕೀಯ ಸಭೆಗಳನ್ನು. ರಾಜಕೀಯ ವಿಷಯ ಕುರಿತು ಪತ್ರಿಕೆಗೆ ಬರೆಯಲೂ ಅನುಮತಿ ಬೇಕು. ಮತದಾನಕ್ಕೆ ಅಡ್ಡಿಯಿಲ್ಲ.

ನಮೂನೆ 2ರಲ್ಲಿ ಸೇವಾ ಮತದಾರನಾಗಿ ಹೆಸರು ನೋಂದಾಯಿಸಿದ ಯೋಧನಿಗೆ ಮತಪತ್ರ ಆನ್‌ಲೈನ್‌ನಲ್ಲೇ ಬರುತ್ತದೆ. ಪ್ರಿಂಟ್ ತೆಗೆದು, ಗುರುತು ಹಾಕಿ, ಅಂಚೆಯಲ್ಲಿ ಕಳುಹಿಸಬೇಕು. ಹೆಚ್ಚು ಎಚ್ಚರ ಬೇಕಾದದ್ದು ಲಕೋಟೆಯ ವಿಷಯದಲ್ಲಿ. ಒಳಗಿನ 13-ಬಿ ಲಕೋಟೆಯಲ್ಲಿ ಮತಪತ್ರ ಮಾತ್ರ ಇರಬೇಕು. ಸಹಿ, ದೃಢೀಕರಣ ಇರುವ 13-ಎ ಘೋಷಣೆ ಹೊರಗಿನ 13-ಸಿ ಲಕೋಟೆಗೆ ಸೇರಬೇಕು. ಅದನ್ನೂ ಒಳಗೇ ಹಾಕಿ ಅಂಟಿಸಿಬಿಟ್ಟರೆ ಎಣಿಕೆ ಮೇಜಿನಲ್ಲಿ ಒಳಲಕೋಟೆ ತೆರೆಯುವುದೇ ಇಲ್ಲ, ಮತ ತಿರಸ್ಕೃತ. ಗಡಿಯಿಂದ ಬಂದ ಮತವೊಂದು ಹಾಳೆಯ ಜಾಗ ತಪ್ಪಿದ್ದಕ್ಕೆ ವ್ಯರ್ಥವಾಗುವುದು ನಿಜಕ್ಕೂ ನೋವಿನ ಸಂಗತಿ. ಲಕೋಟೆ ಎಣಿಕೆ ಶುರುವಾಗುವ ಮೊದಲೇ ಚುನಾವಣಾಧಿಕಾರಿಯ ಕೈಸೇರಬೇಕು.