ಅಳೆಯುವಾಗಲೇ ಕರೆಯಬೇಕಿತ್ತು

ನದಿ ಯೋಜನೆಯ ವರದಿಯಲ್ಲಿ ‘ಜನರ ಸಹಭಾಗಿತ್ವ’ ಎಂಬ ಮಾತು ಕಂಡರೆ, ಜನರನ್ನು ಕರೆದದ್ದು ಯಾವಾಗ ಎಂದು ಹುಡುಕುವುದು ನನ್ನ ಚಾಳಿ. ಬಹಳಷ್ಟು ಸಲ ಅಧ್ಯಯನ ಮುಗಿದು, ನಕ್ಷೆಗೆ ಬಣ್ಣ ತುಂಬಿ, ಕಾಮಗಾರಿಗಳ ಪಟ್ಟಿ ಸಿದ್ಧವಾದ ಮೇಲೆ ಒಂದು ಸಭೆ ನಡೆದಿರುತ್ತದೆ. ಹಾಜರಿ ಪುಸ್ತಕಕ್ಕೆ ಸಹಿ ಬಿದ್ದಿರುತ್ತದೆ. ನನ್ನ ಮಟ್ಟಿಗೆ ಅದು ಸಾಕ್ಷಿ ಹಾಕಿಸುವ ಕೆಲಸ, ಅಷ್ಟೇ.

ಜಲಾನಯನದ, ಅಂದರೆ ಒಂದು ಹೊಳೆಗೆ ನೀರು ಹರಿದು ಸೇರುವ ಇಡೀ ಪ್ರದೇಶದ, ಜಗಳಗಳಲ್ಲಿ ಅರ್ಧ ಹುಟ್ಟುವುದು ಅಳತೆಯಿಂದ. ಮೇಲ್ಭಾಗದಲ್ಲಿ ಚೆಕ್ ಡ್ಯಾಮ್ ಕಟ್ಟುತ್ತಾರೆ, ಅಲ್ಲಿನ ಬಾವಿಗಳಲ್ಲಿ ನೀರು ಏರುತ್ತದೆ, ವರದಿ ಬೀಗುತ್ತದೆ. ಕೆಳಗಿನ ಕೆರೆಗೆ ಹರಿವು ತಗ್ಗಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಯಾರೂ ಅಳೆದೇ ಇಲ್ಲವಲ್ಲ! ಹೂಳಿನ ಕಥೆ ಇನ್ನೂ ವಿಚಿತ್ರ. ವರ್ಷದ ಹೂಳಿನಲ್ಲಿ ದೊಡ್ಡ ಪಾಲು ಕೆಲವೇ ದಿನಗಳ ಬಿರುಮಳೆಯಲ್ಲಿ ಹರಿದುಬರುತ್ತದೆ. ತಿಂಗಳಿಗೊಮ್ಮೆ ಬಾಟಲಿ ಹಿಡಿದು ಬರುವ ತಜ್ಞರಿಗೆ ಸಿಗುವುದು ಹೆಚ್ಚಾಗಿ ತಿಳಿನೀರು. ಬಗ್ಗಡ ಉಕ್ಕುವ ಹೊತ್ತಿಗೆ ಹೊಳೆಯ ಬದಿಯಲ್ಲಿರುವವರು ಅಲ್ಲಿ ಬದುಕುವವರೇ. (ಪ್ರವಾಹಕ್ಕೆ ಇಳಿಯಿರಿ ಎನ್ನುತ್ತಿಲ್ಲ. ಸೇತುವೆಯ ಕಂಬದ ಮೇಲಿನ ಅಳತೆಯ ಗೆರೆಯನ್ನು ದೂರದಿಂದ ಓದಿ ಬರೆದಿಟ್ಟರೂ ದೊಡ್ಡ ಮಾಹಿತಿ.)

ಅಲ್ಲಿ ಬದುಕುವವರನ್ನು ಮೊದಲೇ ಕರೆಯಬೇಕು ಎಂಬುದನ್ನು ನ್ಯೂಯಾರ್ಕ್ ನಗರ ಪೆಟ್ಟು ತಿಂದು ಕಲಿಯಿತು. ಅದರ ಕುಡಿಯುವ ನೀರಿನ ಬಹುಪಾಲು ಕ್ಯಾಟ್‌ಸ್ಕಿಲ್ ಮತ್ತು ಡೆಲವೇರ್ ಜಲಾನಯನಗಳಿಂದ ಬರುತ್ತದೆ. 1990ರಲ್ಲಿ ನಗರ ಮುಂದಿಟ್ಟ ಕಟ್ಟುನಿಟ್ಟಿನ ನಿಯಮಗಳಿಗೆ ಅಲ್ಲಿನ ರೈತರೂ ಊರುಗಳೂ ತಿರುಗಿಬಿದ್ದವು. ಬಳಿಕ ದಾರಿ ಬದಲಾಯಿತು: ರೈತರು ಇಷ್ಟವಿದ್ದರೆ ಸೇರಬಹುದು, ಪ್ರತಿ ಜಮೀನನ್ನೂ ಅವರ ಜೊತೆಯಲ್ಲೇ ನೋಡಿ ಯೋಜನೆ ಮಾಡುವುದು, ಹಣ ನಗರದ್ದು. 1997ರಲ್ಲಿ ನಗರ, ರಾಜ್ಯ, ಒಕ್ಕೂಟ ಸರ್ಕಾರದ ಪರಿಸರ ಸಂಸ್ಥೆ, ಮೇಲಿನ ಊರುಗಳು, ಪರಿಸರ ಸಂಘಟನೆಗಳು ಒಂದೇ ಒಪ್ಪಂದಕ್ಕೆ ಸಹಿ ಹಾಕಿದವು. ಈ ಎರಡು ಜಲಾನಯನಗಳ ನೀರಿಗೆ ದುಬಾರಿ ಶೋಧಕ ಘಟಕ ಕಟ್ಟುವುದು ತಪ್ಪಿತು. ಎಲ್ಲರೂ ಸುಖವಾಗಿದ್ದರು ಎಂದು ತಿಳಿಯಬೇಡಿ. ನಗರ ಭೂಮಿ ಕೊಳ್ಳುವುದರ ಬಗ್ಗೆ ಮೇಲಿನ ಊರುಗಳ ಅಸಮಾಧಾನ ಆಮೇಲೂ ಮುಂದುವರಿಯಿತು.

ಇದೆಲ್ಲ ನಿಧಾನ ಎನ್ನುತ್ತಾರೆ. ಹೌದು, ನಿಧಾನವೇ. ಗೊಬ್ಬರದಿಂದ ನೆಲಕ್ಕೆ ಇಳಿದ ನೈಟ್ರೇಟ್ (ನೀರಿನಲ್ಲಿ ಕರಗುವ ಸಾರಜನಕದ ಲವಣ) ಅಂತರ್ಜಲದ ಮೂಲಕ ಹೊಳೆ ತಲುಪಲು ಎಷ್ಟೋ ಕಡೆ ವರ್ಷಗಳು, ಕೆಲವೆಡೆ ದಶಕಗಳೇ ಬೇಕು. ಗೊಬ್ಬರ ಕಡಿಮೆ ಮಾಡಿದ ಮೂರನೇ ವರ್ಷಕ್ಕೆ ಬಂದು ‘ಫಲಿತಾಂಶ ಶೂನ್ಯ’ ಎಂದು ಬರೆದು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಳತೆಯ ಪುಸ್ತಕ ಊರಿನಲ್ಲೇ ಇದ್ದು, ಯೋಜನೆಯ ಅವಧಿ ಮುಗಿದ ಮೇಲೂ ಅದರಲ್ಲಿ ಬರೆಯುವವರು ಇದ್ದರೆ, ಹತ್ತನೇ ವರ್ಷದ ಪುಟವನ್ನೂ ತೆರೆದು ನೋಡಬಹುದು.