ಬೆನ್ನು ಮುರಿದ ನಾಯಿಗೆ ಐಸ್ ಇಡಬೇಡ್ರಿ

ಕಬ್ಬಿನ ಟ್ರ್ಯಾಕ್ಟರ್ ಓಡುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಗೋಕಾಕ ಕಡೆಯ ರಸ್ತೆಗಳಲ್ಲಿ ಗಾಡಿ ಬಡಿದು ಹಿಂಗಾಲು ಎಳೆಯುತ್ತ ಬಿದ್ದ ನಾಯಿ ಕಂಡರೆ ಹತ್ತು ಜನ ಸೇರುತ್ತಾರೆ. ಅವರಲ್ಲಿ ಒಬ್ಬರಾದರೂ "ಐಸ್ ಇಡ್ರಿ, ಬಾವು ಇಳಿತದ" ಅನ್ನುತ್ತಾರೆ. ಈಗೀಗ ಇದಕ್ಕೆ ಮೊಬೈಲ್ ವಿಡಿಯೋಗಳ ಬೆಂಬಲವೂ ಇದೆ: ಬೆನ್ನುಹುರಿಗೆ ಪೆಟ್ಟಾದರೆ ಮೈ ತಣಿಸುವ ಚಿಕಿತ್ಸೆ ಇದೆಯಂತಲ್ಲ! ಇರುವುದು ಖರೆ. ಸೋಡಾ ಅಂಗಡಿಯ ಐಸಿಗೂ ಅದಕ್ಕೂ ಸಂಬಂಧವಿಲ್ಲ.

ಬೆನ್ನುಹುರಿಗೆ ಹಾನಿ ಎರಡು ಸಲ ಆಗುತ್ತದೆ. ಮೊದಲನೆಯದು ಗಾಡಿ ಬಡಿದ ಕ್ಷಣದ್ದು, ಅದನ್ನು ಯಾರೂ ತಿರುಗಿಸಲಾರರು. ಎರಡನೆಯದು ಆಮೇಲಿನ ಗಂಟೆಗಳಲ್ಲಿ ಒಳಗೊಳಗೇ ನಡೆಯುತ್ತದೆ. ರಕ್ತ ಸೋರುತ್ತದೆ, ಹುರಿ ಊದಿಕೊಳ್ಳುತ್ತದೆ, ನರಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಮೊದಲ ಪೆಟ್ಟಿಗೆ ಉಳಿದಿದ್ದ ಕೋಶಗಳೂ ಸಾಯತೊಡಗುತ್ತವೆ. ತಣಿಸುವುದು ಈ ಎರಡನೆಯ ಹಾನಿಯನ್ನು ನಿಧಾನಿಸಲಿಕ್ಕೆ. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಇಳಿದರೆ ನರಕೋಶದ ಆಮ್ಲಜನಕದ ಬೇಡಿಕೆ ಸುಮಾರು 6–7 ಪ್ರತಿಶತ ಕಡಿಮೆಯಾಗುತ್ತದೆ. 1968ರಲ್ಲಿ ಆಲ್ಬಿನ್, ವೈಟ್ ಎಂಬ ಸಂಶೋಧಕರು ಮತ್ತವರ ಸಂಗಡಿಗರು ಮಂಗಗಳ ಬೆನ್ನುಹುರಿಗೆ ಪೆಟ್ಟು ಕೊಟ್ಟು, 4 ಗಂಟೆಯ ನಂತರ 3 ತಾಸು ತಣ್ಣನೆಯ ದ್ರವ ಹರಿಸಿ ತೋರಿಸಿದ್ದು ಹೀಗೆ ತಣಿಸಿದರೆ ಲಾಭವಿದೆ ಎಂಬುದನ್ನೇ. ಆದರೆ ಎಲುಬು ಕೊರೆದು, ಹುರಿಯ ಬಳಿಗೇ ಹರಿಸಿದ್ದರು. ಚರ್ಮದ ಮೇಲಲ್ಲ.

ಎಲ್ಲರೂ ಎತ್ತಿ ಹೇಳುವ ಇನ್ನೊಂದು ಉದಾಹರಣೆ ಅಮೆರಿಕದ ಫುಟ್‌ಬಾಲ್ ಆಟಗಾರ ಕೆವಿನ್ ಎವರೆಟ್. 2007ರಲ್ಲಿ ಕುತ್ತಿಗೆ ಮುರಿದಾಗ ಅವರಿಗೆ ತಣ್ಣನೆಯ ಸಲೈನ್ ಕೊಟ್ಟಿದ್ದರು, ಆಮೇಲೆ ನಡೆದಾಡಿದರು. ಅದರ ಜತೆಗೆ ತಡಮಾಡದೆ ಶಸ್ತ್ರಚಿಕಿತ್ಸೆಯೂ ಆಗಿತ್ತು, ಸ್ಟಿರಾಯ್ಡ್ ಕೂಡ ಹೋಗಿತ್ತು. ಯಾವುದರಿಂದ ಎದ್ದರು ಅಂತ ಹೇಗೆ ಹೇಳುತ್ತೀರಿ? ಮನುಷ್ಯರಲ್ಲೇ ಇದು ಇನ್ನೂ ರೂಢಿಯ ಚಿಕಿತ್ಸೆಯಾಗಿಲ್ಲ.

ಈಗ ನಮ್ಮ ಐಸ್ ಚೀಲಕ್ಕೆ ಬರೋಣ. ನಾಯಿಯ ಬೆನ್ನಲ್ಲಿ ಚರ್ಮದ ಕೆಳಗೆ ದಪ್ಪ ಸ್ನಾಯು, ಅದರ ಕೆಳಗೆ ಎಲುಬು, ಆಮೇಲೆ ಹುರಿ. ನಡುವೆ ಬಿಸಿ ರಕ್ತ ಹರಿಯುತ್ತಲೇ ಇರುತ್ತದೆ. ಚರ್ಮ ಮರಗಟ್ಟುತ್ತದೆ, ಹುರಿ ಬೆಚ್ಚಗೇ ಇರುತ್ತದೆ. ಪೆಟ್ಟಿನ ಹಿಂಭಾಗದ ಚರ್ಮಕ್ಕೆ ಸ್ಪರ್ಶವೇ ಹೋಗಿರುವುದರಿಂದ ಐಸ್ ಚರ್ಮ ಸುಟ್ಟರೂ ನಾಯಿ ಕುಂಯ್ ಅನ್ನುವುದಿಲ್ಲ. ನಾಲ್ಕಾರು ದಿನಕ್ಕೆ ಅಲ್ಲಿ ಚರ್ಮ ಕಪ್ಪಾಗಿ ಸುಲಿದಾಗಲೇ ಗೊತ್ತಾಗೋದು. ಬಿಸಿನೀರಿನ ಬಾಟಲಿಯೂ ಅಷ್ಟೇ ಅಪಾಯ.

ಇನ್ನೂ ದೊಡ್ಡ ಅಪಾಯ ಶಾಕ್, ಅಂದರೆ ಮೈಯಲ್ಲಿ ರಕ್ತದ ಹರಿವೇ ಕುಸಿಯುವುದು. ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ನಾಯಿಯ ಮೈ ತಾನಾಗೇ ತಣ್ಣಗಾಗುತ್ತಿರುತ್ತದೆ. ಅದನ್ನು ಮತ್ತಷ್ಟು ತಣಿಸಿದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಸೋರುವುದು ಹೆಚ್ಚುತ್ತದೆ. ಮುಧೋಳ ನಾಯಿಯ ಮೈಮೇಲೆ ಕೊಬ್ಬು ಎಲ್ಲಿದೆ? ಟಂಟಂ ಗಾಡಿಯ ಹಿಂಭಾಗದಲ್ಲಿ ಗಾಳಿಗೆ ಮಲಗಿಸಿ ಒಯ್ದರೆ ಸಾಕು, ಐಸ್ ಇಲ್ಲದೆಯೂ ತಣ್ಣಗಾಗುತ್ತದೆ. ಎಚ್ಚರವಿರುವ ನಾಯಿಯಾದರೆ ನಡುಗುತ್ತದೆ. ನಡುಕ ಎಂದರೆ ಮುರಿದ ಬೆನ್ನು ಅಲುಗಾಡುವುದು.

ತಣಿಸುವ ಚಿಕಿತ್ಸೆಯನ್ನು ಕ್ರಮಬದ್ಧವಾಗಿ ಮಾಡಬೇಕೆಂದರೆ ಅರಿವಳಿಕೆ, ವೆಂಟಿಲೇಟರ್, ಇಸಿಜಿ, ಅನ್ನನಾಳದೊಳಗೆ ಉಷ್ಣತೆಯ ತಂತಿ, ಮೇಲಿಂದ ಮೇಲೆ ಪೊಟ್ಯಾಸಿಯಂ ಪರೀಕ್ಷೆ, ಇಷ್ಟೂ ಬೇಕು. 33 ಡಿಗ್ರಿ ಸೆಲ್ಸಿಯಸ್‌ನ ಸುತ್ತ ಹಿಡಿದಿಡಬೇಕು; 30ರ ಕೆಳಗೆ ಜಾರಿದರೆ ಹೃದಯದ ಲಯ ತಪ್ಪುತ್ತದೆ. ಮತ್ತೆ ಬೆಚ್ಚಗೆ ಮಾಡುವುದು ಇನ್ನೂ ನಾಜೂಕು. ಅವಸರ ಮಾಡಿದರೆ ಪೊಟ್ಯಾಸಿಯಂ ಏರಿ, ರಕ್ತದೊತ್ತಡ ಕುಸಿಯುತ್ತದೆ. ಗಂಟೆಗೆ ಕಾಲು ಡಿಗ್ರಿಯಂತೆ 33ರಿಂದ 38ಕ್ಕೆ ತರಲು 20 ತಾಸು. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಇಪ್ಪತ್ತು ತಾಸು ಯಾರು ಕಾಯ್ತಾರೆ, ಕರೆಂಟ್ ಯಾರು ಕಾಯ್ತಾರೆ?

ನಮ್ಮ ಕೈಲಿರುವುದು ಬೇರೆ: ಮೈ ಬಿಸಿಯೇರದಂತೆ ನೋಡುವುದು. ವಿಜಯಪುರದ ಬ್ಯಾಸಗಿಯಲ್ಲಿ, ಮುಚ್ಚಿದ ಕಾರಿನಲ್ಲಿ, ನೋವಿಗೆ ತೇಕುವ ನಾಯಿಯ ಮೈಬಿಸಿ ಏರುವುದು ಹುರಿಗೆ ಕೆಟ್ಟದ್ದು. ಔಷಧ ಅಂಗಡಿಯ ಡಿಜಿಟಲ್ ಥರ್ಮಾಮೀಟರ್‌ಗೆ ಎಣ್ಣೆ ಹಚ್ಚಿ ಗುದದೊಳಗೆ ಒಂದು ಇಂಚು ಇಡಿ. ನಾಯಿಗೆ 100.5ರಿಂದ 102.5 ಫ್ಯಾರನ್‌ಹೀಟ್ ಸಹಜ. 104 ದಾಟಿದರೆ ಕಿವಿ, ಪಾದ, ತೊಡೆ ಸಂದಿಗೆ ನಲ್ಲಿ ನೀರಿನ ಬಟ್ಟೆ, ಗಾಳಿ. 103ಕ್ಕೆ ಇಳಿದ ಕೂಡಲೇ ನಿಲ್ಲಿಸಿ. 99ರ ಕೆಳಗಿದ್ದರೆ ಕೌದಿ ಹೊದಿಸಿ. ಒಂದು ಮಾತು: ಗುದದ ಬಿಗಿ ಹೋದ ನಾಯಿಯಲ್ಲಿ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ.

ಎತ್ತಿಕೊಳ್ಳಬೇಡಿ. ಹಲಗೆಯೋ ಪ್ಲೈವುಡ್ಡೋ ಪಕ್ಕಕ್ಕಿಟ್ಟು, ನಾಯಿಯನ್ನು ಗೋಣಿಚೀಲದ ಮೇಲೆಯೇ ಮೂವರು ಸೇರಿ ಒಟ್ಟಿಗೆ ಸರಿಸಿ. ಭುಜಕ್ಕೊಂದು, ಸೊಂಟಕ್ಕೊಂದು ಪಟ್ಟಿ ಕಟ್ಟಿ, ಪೆಟ್ಟಾದ ಕಡೆ ಬೇಡ. ಮನೆಯಲ್ಲಿದೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿಸಬೇಡಿ. ಕರುಳು ತೂತಾಗಬಹುದು, ಅದರ ಮೇಲೆ ಸ್ಟಿರಾಯ್ಡ್ ಬಿದ್ದರೆ ಕೇಳುವುದೇ ಬೇಡ.

ಡಾಕ್ಟರು ಹಿಂಗಾಲಿನ ಬೆರಳನ್ನು ಚಿಮಟದಿಂದ ಬಲವಾಗಿ ಚಿವುಟಿದಾಗ ಕಾಲಲ್ಲ, ಮುಖ ನೋಡಿ. ಕಾಲು ಹಿಂದೆಗೆಯುವುದು ಬರೀ ಪ್ರತಿಕ್ರಿಯೆ, ಮಿದುಳಿಗೆ ಸುದ್ದಿ ಮುಟ್ಟದೆಯೂ ಆಗುತ್ತದೆ. ತಿರುಗಿ ನೋಡಿದರೆ, ಕೂಗಿದರೆ, ಕಚ್ಚಲು ಬಂದರೆ ಒಳ್ಳೆಯ ಲಕ್ಷಣ. ಎಲುಬು ಮುರಿದು ಜಾರಿ, ಆ ಆಳದ ನೋವೂ ಹೋಗಿದ್ದರೆ ಮತ್ತೆ ನಡೆಯುವ ಆಸೆ ಬಹಳ ಕಡಿಮೆ, ಐಸ್ ಇಟ್ಟರೂ ಬಿಟ್ಟರೂ.

ಮನೆಗೆ ತಂದ ಮೇಲೆ ಬಹಳ ನಾಯಿಗಳು ಸೋಲುವುದು ಮೂತ್ರದಲ್ಲಿ. "ಹಾಸಿಗೆ ಒದ್ದೆ ಆಗ್ತದ, ಉಚ್ಚಿ ಹೊಯ್ತದ ಬಿಡ್ರಿ" ಅಂದುಕೊಂಡಿರುತ್ತೀರಿ. ಅದು ತುಂಬಿ ತುಳುಕುತ್ತಿರುವ ಮೂತ್ರಚೀಲ. ದಿನಕ್ಕೆ 3–4 ಸಲ ಹೊಟ್ಟೆಯ ಹಿಂಭಾಗವನ್ನು ಎರಡೂ ಕಡೆಯಿಂದ ಅಂಗೈಯಲ್ಲಿ ಹಿಡಿದು, ಮೆಲ್ಲಗೆ ಒತ್ತಿ ಖಾಲಿ ಮಾಡಬೇಕು. ಮೊದಲ ಸಲ ಡಾಕ್ಟರ ಮುಂದೆಯೇ ಮಾಡಿ ಕಲಿಯಿರಿ.