ಗವಾನ್ ಮದರಸಾದ ಗೋಡೆ ಮೇಲಿರುವುದು ಬಿದ್ರಿ ಕೆಲಸ ಅಲ್ಲ

'ಬೀದರಿನ ಮಹಮೂದ್ ಗವಾನ್ ಮದರಸಾದ ಮಿನಾರ್ ಮೇಲೆ ಬಿದ್ರಿ ಕಲೆ' ಎಂಬ ಫೋಟೋ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಹೋದ ವಾರ ನಾನೂ ನೋಡಿದ ಕೂಡಲೇ ನಮ್ಮ ಮನೆಯವರ ಗ್ರೂಪಿಗೆ ಕಳಿಸಿಬಿಟ್ಟೆ. ತಪ್ಪು ನನ್ನದೂ ಹೌದು.

ಬಿದ್ರಿ ಎಂದರೆ ಲೋಹದ ಕೆಲಸ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಕೆತ್ತಿದ ಗೆರೆಗಳಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಆಮೇಲೆ ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುತ್ತಾರೆ. ಹೂಜಿ, ಹುಕ್ಕಾಗಳ ಮೇಲೆ ನೋಡಿರುತ್ತೀರಿ, ಅಲ್ವಾ?

1472ರ ಈ ಮದರಸಾದ ಮೇಲಿರುವುದು ಮೆರುಗು ಕೊಟ್ಟು ಸುಟ್ಟ ಬಣ್ಣದ ಟೈಲ್ಸ್. ಅದು ಇರಾನ್ ಕಡೆಯ ಪದ್ಧತಿ. ಇದನ್ನು ಕಟ್ಟಿಸಿದ, ಬಹಮನಿ ಸುಲ್ತಾನರ ಮಂತ್ರಿ ಗವಾನ್ ಕೂಡ ಅಲ್ಲಿಂದಲೇ ಬಂದವರು. ಉಳಿದಿರುವ ಮಿನಾರನ್ನು ಹತ್ತಿರದಿಂದ ನೋಡಿ. ಮೈತುಂಬಾ ಅಂಕುಡೊಂಕು ಪಟ್ಟಿಗಳು. ಮುಂಭಾಗದ ಗೋಡೆಯಲ್ಲಿ ಕುರಾನಿನ ಸಾಲುಗಳನ್ನೂ ಟೈಲ್ಸ್‌ನಲ್ಲೇ ಬರೆದಿದ್ದಾರೆ. ಜಾಸ್ತಿ ಉದುರಿಹೋಗಿದೆ, ಆದರೂ ಸಂಜೆ ಬಿಸಿಲಿಗೆ ನೀಲಿ ಮಿಂಚುತ್ತದೆ.

ಇನ್ನೊಂದು ಮಿನಾರ್ ಕಟ್ಟಲೇ ಇಲ್ಲ ಅನ್ನುವುದೂ ಸುಳ್ಳು. ಔರಂಗಜೇಬನ ಕಾಲದಲ್ಲಿ ಇಲ್ಲಿ ಮದ್ದುಗುಂಡು ಇಟ್ಟಿದ್ದರು, ಅದು ಸಿಡಿದು ಆ ಮಿನಾರ್ ಬಿತ್ತು.

ಆ ಫೋಟೋ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.